ಮುಚ್ಚಳದ ಒಳಮೈ

ಅರಿಸಿನವೂ ಹಿಡಿಯಲಿಲ್ಲ. ಬೆರಳು ಒತ್ತಿದ ಜಾಗಕ್ಕೂ ಒತ್ತದ ಜಾಗಕ್ಕೂ ಒಂದೇ ಸಮ ಮೆತ್ತಿಕೊಂಡು ಪೆಟ್ಟಿಗೆಗೇ ಕಾಮಾಲೆ ಬಂದ ಹಾಗಾಯಿತು. ವೀರಭದ್ರಸ್ವಾಮಿ ಒದ್ದೆ ಬಟ್ಟೆ ತೆಗೆದುಕೊಂಡು ಒರೆಸಿದ. ನಿನ್ನೆ ರಾಗಿಹಿಟ್ಟು ನೋಡಿದ್ದ. ತರಿತರಿಯಾಗಿ ಜಾರಿ ನೆಲಕ್ಕೆ ಬಿದ್ದಿತ್ತು. ಅಕ್ಕಿಹಿಟ್ಟು ಥಂಡಿಗೆ ಗಂಟು ಕಟ್ಟಿತ್ತು. ದೀಪದ ಮಸಿ ನುಣ್ಣಗೇನೋ ಇತ್ತು, ಆದರೆ ಮಸಿಯೂ ಕಪ್ಪು, ಪೆಟ್ಟಿಗೆಯೂ ಕಪ್ಪು.

ಪೆಟ್ಟಿಗೆ ಅವನದೇ, ಬಟ್ಟೆಬರೆ ಇಡುವ ತಗಡಿನ ಪೆಟ್ಟಿಗೆ. ಅದರ ಮೇಲೆ ತನ್ನ ಹೆಬ್ಬೆರಳು ಒತ್ತಿ, ಪುಡಿ ಉದುರಿಸಿ, ಅಳಿಲಿನ ಬಾಲದ ಕೂದಲಿನ ಕುಂಚದಿಂದ ಮೆಲ್ಲಗೆ ಸವರಿ, ಬೆರಳಿನ ಗೆರೆ ಮೂಡುತ್ತದೆಯೇ ಎಂದು ನೋಡುತ್ತಿದ್ದ. ಇದರ ಮೇಲೆ ಹಿಡಿಯುವ ಪುಡಿ ಸಿಕ್ಕಿದರೆ ವಶಪಡಿಸಿಕೊಂಡ ಸಾಮಾನಿಡುವ ಠಾಣೆಯ ಮಾಲುಖಾನೆಯಲ್ಲಿ ಇಟ್ಟಿದ್ದ ಕಳವಿನ ಕೇಸಿನ ಟ್ರಂಕಿನ ಮೇಲೂ ಹಿಡಿಯುತ್ತದೆ. ಎರಡಕ್ಕೂ ಬಳಿದಿದ್ದು ಅದೇ ಕಪ್ಪು ಬಣ್ಣ.

"ಏನ್ ಸ್ವಾಮಿ, ಒಗ್ಗರಣೆಗೆ ಇನ್ನೇನ್ ಬೇಕು? ಸಾಸ್ವೆ ತರಿಸ್ಲಾ?" ಎಂದ ದಫೇದಾರ ಮಂಟಯ್ಯ. ಐವತ್ತು ದಾಟಿದ ಆಸಾಮಿ, ಮಾಲುಖಾನೆಯ ಬೀಗದ ಕೈ ಅವನ ಉಡಿದಾರಕ್ಕೆ ಕಟ್ಟಿರುತ್ತಿತ್ತು.

"ಪೌಡರ್ ಬರಲಿಲ್ಲವಲ್ಲ ದಫೇದಾರ್ರೇ."

"ಬರಾಕಿಲ್ಲ ಕಣಪ್ಪ. ನಂಗೆ ಕೊಡ್ತೀನಿ ಅಂದ ಮಳೆಕೋಟೇ ಮೂರ್ ವರ್ಸದಿಂದ ಬರ್ನಿಲ್ಲ."

ಮುತ್ತಗದಕೊಪ್ಪಲು ಠಾಣೆ ಹುಣಸೂರಿನಿಂದ ಕೋಟೆ ತಾಲ್ಲೂಕಿಗೆ ಹೋಗುವ ದಾರಿಯಲ್ಲಿತ್ತು. ಒಬ್ಬ ಎಸ್ಸೈ, ಒಬ್ಬ ದಫೇದಾರ, ಆರು ಜನ ಪೇದೆಗಳು. ಆ ಆರು ಜನರಲ್ಲಿ ವೀರಭದ್ರಸ್ವಾಮಿ ಒಬ್ಬನೇ ಬೆಂಗಳೂರಿಗೆ ಹೋಗಿ ಮೂರು ತಿಂಗಳು ಬೆರಳಚ್ಚಿನ ತರಬೇತಿ ಮುಗಿಸಿ ಬಂದವನು. ಸರ್ಟಿಫಿಕೇಟು ಕೊಟ್ಟಿದ್ದರು, ಒಂದು ಕುಂಚ ಕೊಟ್ಟಿದ್ದರು, ಒಂದು ಭೂತಗಾಜು ಕೊಟ್ಟಿದ್ದರು. ಪುಡಿಯ ಡಬ್ಬಿ ಕೊಟ್ಟಿರಲಿಲ್ಲ. ಅದನ್ನು ಅರ್ಜಿ ಹಾಕಿ ತರಿಸಿಕೊಳ್ಳಬೇಕು ಎಂದಿದ್ದರು. ಹಾಕಿದ್ದ. ಈ ಸಾಲಿನ ಪುಡಿ ಹಂಚಿಕೆಯಾಗಿ ಮುಗಿದಿದೆ, ಮುಂದಿನ ಏಪ್ರಿಲ್‌ನಲ್ಲಿ ಮತ್ತೆ ಕೇಳತಕ್ಕದ್ದು ಎಂದು ಉತ್ತರ ಬಂದಿತ್ತು. ಈಗ ಅಕ್ಟೋಬರ್. ಠಾಣೆಯವರು ಅವನನ್ನು ಬೆರಳುಸ್ವಾಮಿ ಅಂತ ಕರೆಯುತ್ತಿದ್ದರು.

ಏಪ್ರಿಲ್‌ವರೆಗೆ ಕಾಯಲು ಸಣ್ಣನಿಗೆ ಆಗುತ್ತಿರಲಿಲ್ಲ. ಸಣ್ಣ ಲಾಕಪ್ಪಿನಲ್ಲಿದ್ದ.

ಸಣ್ಣ ಕಾಡಂಚಿನ ಹಾಡಿಯ ಜೇನುಕುರುಬರವನು. ಗುರುಪುರದ ಹತ್ತಿರ ಮಹದೇವಪ್ಪ ಎನ್ನುವ ಜಮೀನ್ದಾರರ, ಹೊಗೆಸೊಪ್ಪನ್ನು ಕಾವಿನಲ್ಲಿ ಒಣಗಿಸುವ ಬ್ಯಾರನ್ನಿಗೆ ಮೂರು ತಿಂಗಳಿಂದ ಬೆಂಕಿ ಹಾಕುತ್ತಿದ್ದ. ಬ್ಯಾರನ್ನು ಇದ್ದದ್ದು ಮನೆಯ ಹಿತ್ತಲಿನಲ್ಲೇ. ಹೋದ ವಾರ ಮಹದೇವಪ್ಪನವರ ಹೆಂಡತಿ ಸುನಂದಮ್ಮನ ಟ್ರಂಕಿನಿಂದ ಎರಡೆಳೆಯ ಚಿನ್ನದ ಅವಲಕ್ಕಿ ಸರ ಹೋಯಿತು. ಟ್ರಂಕಿನ ಬೀಗ ಮುರಿದಿತ್ತು. ಮನೆಯಲ್ಲಿ ಹನ್ನೊಂದು ಜನ ಇದ್ದರು, ಹಿತ್ತಲಿನಲ್ಲಿ ಸಣ್ಣ ಇದ್ದ. ಹನ್ನೊಂದು ಜನರನ್ನು ಯಾರೂ ಏನೂ ಕೇಳಲಿಲ್ಲ. ಸಣ್ಣನನ್ನು ಮಾತ್ರ ಎರಡು ದಿನ, ಠಾಣೆಯಲ್ಲಿ ಕೇಳುವ ರೀತಿಯಲ್ಲಿ ಕೇಳಿದರು. ಸರ ಸಿಗಲಿಲ್ಲ. ದಸ್ತಗಿರಿಯ ತಾರೀಕನ್ನು ಪುಸ್ತಕದಲ್ಲಿ ಇನ್ನೂ ಹಾಕಿರಲಿಲ್ಲ; ಬರುವ ಸೋಮವಾರ ಅವನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ನಿಲ್ಲಿಸಿದರೆ ಮೈಸೂರಿನ ಜೈಲು. ಜಾಮೀನು ಕೊಡುವವರು ಹಾಡಿಯಲ್ಲಿ ಯಾರಿದ್ದಾರೆ?

ಟ್ರಂಕಿನ ಮೇಲೆ ಕಳ್ಳನ ಬೆರಳು ಇದ್ದೇ ಇದೆ ಎಂದು ಸ್ವಾಮಿ ಹೇಳಿದ್ದ. ಅದನ್ನು ಠಾಣೆಗೆ ತಂದವನೂ ಅವನೇ. ಕೊಂಡಿಗೆ ದಾರ ಸುತ್ತಿ ಅರಗಿನ ಮುದ್ರೆ ಒತ್ತಿ, ಎರಡೂ ಪಕ್ಕದ ಹಿಡಿಗಳಿಗೆ ಹಗ್ಗ ಹಾಕಿ ಬಿದಿರಿಗೆ ನೇತುಹಾಕಿಸಿಕೊಂಡು, ಯಾರ ಕೈಯೂ ತಾಗದಂತೆ ತಂದಿದ್ದ. ಅಷ್ಟೆಲ್ಲ ಮಾಡಿ ಈಗ ಮೇಲೆ ಹಾಕಲು ಒಂದು ಚಿಟಿಕೆ ಪುಡಿ ಇರಲಿಲ್ಲ.

ಮಂಗಳವಾರ ಮಧ್ಯಾಹ್ನ ಸಣ್ಣನ ಹೆಂಡತಿ ನಿಂಗಿ ಬಂದಳು. ದಿನವೂ ಬರುತ್ತಿದ್ದಳು, ಹತ್ತು ಮೈಲಿ ನಡೆದು. ಆವತ್ತು ಎಲೆಯಲ್ಲಿ ಮುದ್ದೆ, ಜೊತೆಗೆ ಒಂದು ಪುಟ್ಟ ಸೋರೆಬುರುಡೆ ತಂದಿದ್ದಳು.

"ಏನದು?" ಎಂದ ಮಂಟಯ್ಯ.

"ವಟ್ಟೆನೋವಂತೆ ಅವುಂಗೆ. ಅದ್ಕೆ ಮದ್ದು."

"ಮದ್ದು ಅಂತ ವಿಸ ಗಿಸ ತಂದಿದ್ದೀಯೋ ಏನೋ. ಸುರಿ ಇಲ್ಲಿ, ನೋಡಾನ."

ನಿಂಗಿ ಅವನ ಮುಖ ನೋಡಿ, ಬುರುಡೆಯ ಬಿರಟೆ ತೆಗೆದು, ಪಕ್ಕದಲ್ಲಿದ್ದ ಸ್ವಾಮಿಯ ಪೆಟ್ಟಿಗೆಯ ಮೇಲೇ ಒಂದಿಷ್ಟು ಕೊಡವಿದಳು. ಇಟ್ಟಿಗೆಕೆಂಪಿನ ಪುಡಿ. ಎಷ್ಟು ನುಣುಪೆಂದರೆ ನೀರು ಹರಿದ ಹಾಗೆ ಹರಿಯಿತು. "ಕುಂಕುಮದ ಮರದ ಕಾಯಿ ಮೇಗಳ ಪುಡಿ ಕಣ್ ಬುದ್ದಿ. ಜೇನಲ್ಲಿ ಕಲ್ಸಿ ನೆಕ್ಸುದ್ರೆ ಹುಳ ಬಿದ್ದೋಯ್ತವೆ. ನೀವೂ ವಸಿ ತಿನ್ನಿ ಬೇಕಾರೆ," ಎಂದಳು.

"ನಂಗ್ಯಾಕಮ್ಮಿ, ನಂಗ್ ಹುಳ ಇಲ್ಲ."

"ಇಲ್ದೆ ಇದ್ರೆ ಸರಿ." ನಿಂಗಿ ಬಗ್ಗಿ ಪುಡಿಯನ್ನು ಉಫ್ ಎಂದು ಊದಿ ಅಂಗೈಗೆ ಬಳಿದುಕೊಂಡಳು.

ಊದಿದ ಮೇಲೆ ಪೆಟ್ಟಿಗೆಯ ಮೇಲೆ ಒಂದು ಹೆಬ್ಬೆರಳು ಉಳಿಯಿತು. ಸ್ವಾಮಿ ಬೆಳಿಗ್ಗೆ ಒತ್ತಿದ್ದ ಹೆಬ್ಬೆರಳು. ಗೆರೆಗೆ ಗೆರೆ, ನಡುವೆ ಕುಣಿಕೆ, ಕೆಳಗೆ ಬಾಲ್ಯದಲ್ಲಿ ಕುಡುಗೋಲು ತಾಗಿದ ಗಾಯದ ಅಡ್ಡಗೆರೆ. ಕಪ್ಪಿನ ಮೇಲೆ ಕೆಂಪಗೆ, ಅಚ್ಚು ಹಾಕಿದ ಹಾಗೆ.

"ಅಮ್ಮಿ, ಅಲ್ಲಾಡಬೇಡ!" ಎಂದು ಸ್ವಾಮಿ ಕೂಗಿದ. ನಿಂಗಿ ಬೆಚ್ಚಿ ಬುರುಡೆಯನ್ನು ಎದೆಗೆ ಒತ್ತಿಕೊಂಡಳು. ಪೊಲೀಸರು ಕೂಗಿದಾಗ ಒಳ್ಳೆಯದು ಆದದ್ದನ್ನು ಅವಳು ಕಂಡಿರಲಿಲ್ಲ.

ಅರ್ಧ ಬುರುಡೆ ಕೊಡಲು ಅವಳು ಒಪ್ಪಬೇಕಾದರೆ ಸಾಕುಸಾಕಾಯಿತು. ಅದು ಹೋದ ಬೇಸಿಗೆಯಲ್ಲಿ ಬಿಡಿಸಿದ ಕಾಯಿಯದು. ಮರದಲ್ಲಿ ಈಗ ಕಾಯಿ ಇಲ್ಲ. ಗಂಡನ ಹೊಟ್ಟೆಗೆ ಬೇಕಾದದ್ದನ್ನು ತಗಡಿಗೆ ಯಾಕೆ ಹಾಕಬೇಕು ಎನ್ನುವುದು ಅವಳ ಪ್ರಶ್ನೆ. ಗಂಡನೇ ಹೊರಗೆ ಬರುತ್ತಾನೆ ಎಂದ ಸ್ವಾಮಿ. ಆ ಮಾತು ಹೇಳಬಾರದಿತ್ತು ಎಂದು ಆಮೇಲೆ ಅನ್ನಿಸಿತು.

ಟ್ರಂಕಿನ ಮುಚ್ಚಳದ ಮೇಲೆ, ಬೀಗದ ಕೊಂಡಿಯ ಎಡಕ್ಕೆ, ಒಂದು ಬಲಗೈ ಹೆಬ್ಬೆರಳು ಎದ್ದು ಬಂತು. ಸ್ಪಷ್ಟ ಸುಳಿ. ಭೂತಗಾಜಿನಲ್ಲಿ ಗೆರೆ ಕವಲೊಡೆಯುವ, ಕೊನೆಯಾಗುವ ಗುರುತು ಹದಿನಾಲ್ಕು ಎಣಿಸಿದ. ಕೋರ್ಟಿಗೆ ಹನ್ನೆರಡು ಸಾಕು. ಇನ್ನೇನು, ಒಂದು ಬೆರಳು ಸಿಕ್ಕಿತಲ್ಲ ಎಂದು ಕುಂಚ ಕೆಳಗಿಟ್ಟ. ಸಿಕ್ಕಿದ್ದಕ್ಕೆ ನಿಲ್ಲಿಸಬೇಡ, ಮುಟ್ಟಬಹುದಾದ ಜಾಗವೆಲ್ಲ ಮುಗಿದ ಮೇಲೆ ನಿಲ್ಲಿಸು ಎಂದು ತರಬೇತಿಯಲ್ಲಿ ಹೇಳಿದ್ದರು. ಅದು ಆಗ ನೆನಪಾಗಲಿಲ್ಲ.

ಆಮೇಲೆ ಸಣ್ಣನ ಹತ್ತು ಬೆರಳಿಗೂ ಮಸಿ ಹಚ್ಚಿ ಕಾಗದದ ಮೇಲೆ ಉರುಳಿಸಿದ. ಹತ್ತು ಕಡೆಯೂ ಕಪ್ಪು ಮಚ್ಚೆ ಬಂತು, ಗೆರೆ ಬರಲಿಲ್ಲ. ಮಸಿ ಕಡಿಮೆ ಮಾಡಿ ಮತ್ತೆ ಉರುಳಿಸಿದ. ಬರಲಿಲ್ಲ. ಬೆರಳನ್ನೇ ಬೆಳಕಿಗೆ ಹಿಡಿದು ನೋಡಿದ. ಜೇನಿಗೆ ಹಗ್ಗ ಹಿಡಿದು, ಬಿದಿರು ಸೀಳಿ, ಈಗ ಮೂರು ತಿಂಗಳು ಬ್ಯಾರನ್ನಿನ ಕಾದ ಕೊಳವೆ ಮುಟ್ಟಿ ಮುಟ್ಟಿ ತುದಿಯ ಚರ್ಮವೆಲ್ಲ ಸವೆದು ಹೊಳೆಯುತ್ತಿತ್ತು.

"ನಿನಗೆ ಬೆರಳಲ್ಲಿ ಗೆರೇನೇ ಇಲ್ಲವಲ್ಲೋ!" ಎಂದ.

"ತೆಪ್ಪಾಯ್ತು ಬುದ್ದಿ," ಎಂದ ಸಣ್ಣ.

ಸ್ವಾಮಿಗೆ ನಗು ಬಂತು, ಬಹಳ ದಿನದ ಮೇಲೆ. ಗೆರೆಯಿಲ್ಲದವನು ಸುಳಿ ಬಿಟ್ಟುಹೋಗಲು ಸಾಧ್ಯವೇ? ಕೇಸಿನ ಡೈರಿಯಲ್ಲಿ ದುಂಡಗೆ ಬರೆದ: ಆರೋಪಿಯ ಹತ್ತೂ ಬೆರಳುಗಳಲ್ಲಿ ಗೆರೆಗಳು ಸವೆದು ಹೋಗಿದ್ದು, ಆತನ ಕೈಯಿಂದ ಯಾವ ಗುರುತೂ ಮೂಡುವುದಿಲ್ಲ.

ಟ್ರಂಕಿನ ಮೇಲಿನ ಸುಳಿಯ ವಿಷಯವನ್ನು ಬಾಯಲ್ಲೇ ಹೇಳಿದ. ಎಸ್ಸೈ ಓದಿದರು, ಕೇಳಿದರು. ಕೆ.ಆರ್. ನಗರದ ಕಡೆಯವರು, ಒಳ್ಳೆಯವರೂ ಅಲ್ಲ ಕೆಟ್ಟವರೂ ಅಲ್ಲ, ವರ್ಗ ಕೇಳಿಕೊಂಡು ಕೂತಿದ್ದವರು. "ಪುಡಿ ಯಾವುದಯ್ಯಾ?"

"ಕುಂಕುಮದ ಮರದ್ದು ಸಾರ್."

"ಕೋರ್ಟಲ್ಲಿ ಕುಂಕುಮ ಅಂದ್ರೆ ಮಂಗಳಾರತಿ ತಟ್ಟೆ ಎಲ್ಲಿ ಅಂತಾರೆ. ಫೋಟೋ ತೆಗೆಸು. ಫೋಟೋ ಇದ್ರೆ ಮಾತಾಡೋಣ."

ಬುಧವಾರ ಹುಣಸೂರಿನಿಂದ ಫೋಟೋಗ್ರಾಫರ್ ಗಫಾರ್ ಸಾಹೇಬರು ಮೂರು ಕಾಲಿನ ಕ್ಯಾಮರಾ ಹೊತ್ತುಕೊಂಡು ಬಂದರು. ಮದುವೆ, ಹೆಣ, ಪಾಸ್‌ಪೋರ್ಟು ಮೂರನ್ನೂ ಒಂದೇ ಶ್ರದ್ಧೆಯಿಂದ ತೆಗೆಯುವ ಮನುಷ್ಯ. ಟ್ರಂಕನ್ನು ಅಂಗಳಕ್ಕೆ ತರಿಸಿ ನಾಲ್ಕು ಗಾಜಿನ ಪ್ಲೇಟಿನಲ್ಲಿ ಫೋಟೋ ತೆಗೆದು ಹೋದರು. ಶುಕ್ರವಾರ ಸಂಜೆಯ ಬಸ್ಸಿನಲ್ಲಿ ಕವರು ಬಂತು. ಸ್ವಾಮಿ ಬಸ್ ನಿಲ್ದಾಣದಲ್ಲೇ ಒಡೆದ. ಒಳಗೆ ನಾಲ್ಕು ಕಪ್ಪು ಕಾಗದ. ಕೊಂಡಿ ಕಾಣುತ್ತಿತ್ತು, ಮೊಳೆ ಕಾಣುತ್ತಿತ್ತು, ಬಣ್ಣ ಕಿತ್ತಿದ್ದ ಜಾಗ ಕಾಣುತ್ತಿತ್ತು. ಬೆರಳು ಇರಲಿಲ್ಲ.

ಅದೇ ಬಸ್ಸು ಕೋಟೆಯಿಂದ ವಾಪಸು ಬಂದಾಗ ಹತ್ತಿ ಹುಣಸೂರಿಗೆ ಹೋದ.

"ನಾನೇನ್ ಮಾಡ್ಲಿ ಸ್ವಾಮಿಗಳೇ? ನನ್ನ ಪ್ಲೇಟಿಗೆ ಕೆಂಪು ಕಾಣಾದಿಲ್ಲ," ಎಂದರು ಗಫಾರ್.

"ಕಾಣಲ್ಲ ಅಂದರೆ?"

"ಹಳೇ ಮಾಲು ಇದು. ಕೆಂಪು ಅಂದ್ರೆ ಇದಕ್ಕೆ ಕಪ್ಪೇ. ಅದಕ್ಕೇ ಅಲ್ವಾ ನಾವು ಕೆಂಪು ದೀಪ ಹಾಕ್ಕಂಡು ತೊಳೆಯೋದು? ಮದುಮಗಳ ತುಟಿ ಎಲ್ಲಾ ಕಪ್ಪಗೆ ಬರ್ತದೆ, ನಾವು ಪೆನ್ಸಿಲಲ್ಲಿ ಸರಿ ಮಾಡ್ತೀವಿ. ಕಪ್ಪು ಟ್ರಂಕಿನ ಮೇಲೆ ಕೆಂಪು ಪುಡಿ ಹಾಕಿದೀರಿ. ಕಪ್ಪಿನ ಮೇಲೆ ಕಪ್ಪು. ಮುಗೀತು."

"ಮೊದಲೇ ಹೇಳಬಾರದಾಗಿತ್ತಾ?"

"ನೀವು ಕೇಳ್ಲಿಲ್ಲ. ಪೋಲೀಸ್ನೋರು ತೆಗಿ ಅಂದ್ರೆ ತೆಗಿಯೋದು. ನಾನು ಹಂಗಲ್ಲ ಹಿಂಗೆ ಅಂದ್ರೆ ನಿಮ್ಮ ದಫೇದಾರ್ರು ಬಿಡ್ತಿದ್ರಾ?"

ಕೆಂಪು ಕಾಣುವ ಹೊಸ ಫಿಲ್ಮು ಬೇಕಾದರೆ ಮೈಸೂರು. ಯುದ್ಧವಾದ ಮೇಲೆ ಆಮದು ನಿಂತು ಅಲ್ಲೂ ಕಷ್ಟ. ಮರುದಿನ ಶನಿವಾರ, ಆಯುಧಪೂಜೆ. ಸ್ವಾಮಿ ರಜೆಯ ಚೀಟಿ ಬರೆದಿಟ್ಟು ಬೆಳಗಿನ ಬಸ್ಸಿಗೆ ಮೈಸೂರಿಗೆ ಹೋದ. ಊರು ತುಂಬ ಜನ, ಬಾಳೆಕಂದು, ಒಡೆದ ಬೂದುಗುಂಬಳ. ಅಂಗಡಿಗಳ ತಕ್ಕಡಿಗೂ ಗಲ್ಲಾಪೆಟ್ಟಿಗೆಗೂ ಹೂ ಹಾಕಿ ಬಾಗಿಲು ಎಳೆದಿದ್ದರು. ಇವತ್ತು ವ್ಯಾಪಾರ ಇಲ್ಲ ಎಂದರು. ಏಳನೆಯ ಅಂಗಡಿಯವನು ಪೊಲೀಸ್ ಗುರುತಿನ ಚೀಟಿ ನೋಡಿ, ಗೊಣಗಿ, ಪೂಜೆಗೆ ಇಟ್ಟಿದ್ದ ಕ್ಯಾಮರಾಗಳ ಹಿಂದಿನಿಂದ ಒಂದು ರೋಲು ತೆಗೆದುಕೊಟ್ಟ. ಅದಕ್ಕೂ ಕುಂಕುಮ ಇಟ್ಟಿದ್ದ.

ಅಂಗಡಿಯಿಂದ ಹೊರಗೆ ಬಂದಾಗಲಾದರೂ ಸ್ವಾಮಿಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ವಾಪಸು ಬರುವ ಬಸ್ಸಿನ ಮೂತಿಗೂ ಚೆಂಡುಹೂವಿನ ಹಾರ ಇತ್ತು. ಅದನ್ನು ನೋಡಿಕೊಂಡೇ ಕೂತು ಬಂದ.

ಠಾಣೆಗೆ ಬಂದಾಗ ಸಂಜೆ ಐದು. ಜಗಲಿಯ ಮೇಲೆ ಬಂದೂಕುಗಳನ್ನು ಸಾಲಾಗಿ ಒರಗಿಸಿ ವಿಭೂತಿ ಬಳಿದಿದ್ದರು. ಲಾಠಿ, ಸೈಕಲ್ಲು, ಬೇಡಿ, ಟೈಪ್‌ರೈಟರು ಎಲ್ಲಕ್ಕೂ ಪೂಜೆ ಆಗಿತ್ತು. ಕೊನೆಯಲ್ಲಿ, ಕಡಲೆಪುರಿಯ ಮೊರದ ಪಕ್ಕದಲ್ಲಿ, ಟ್ರಂಕು. ಫಳಫಳ ಹೊಳೆಯುತ್ತಿತ್ತು. ಮುಚ್ಚಳದ ಮೇಲೆ ಮೂರು ಪಟ್ಟೆ ವಿಭೂತಿ, ನಡುವೆ ರೂಪಾಯಿ ಅಗಲದ ಕುಂಕುಮ, ಮೇಲೊಂದು ಚೆಂಡುಹೂ.

ಸ್ವಾಮಿ ಬಗ್ಗಿ ಕೊಂಡಿಯ ಎಡಕ್ಕೆ ನೋಡಿದ. ಮಂಟಯ್ಯನೇ ಬಂದು ಕಡಲೆಪುರಿ ಕೈಗೆ ಹಾಕಿದ.

"ತಕ, ಪ್ರಸಾದ."

"ಟ್ರಂಕು ತೊಳೆದಿರಾ?"

"ಮಾಲುಖಾನೆ ಸಾಮಾನೆಲ್ಲಾ ವರ್ಸ ವರ್ಸವೂ ತೊಳಿಯಾದೇ ಅಲ್ವಾ. ತೊಳೀದೆ ಪೂಜೆಗಿಡಾಕಾಯ್ತದಾ? ಅದ್ರ ಮ್ಯಾಲೆ ಏನೋ ಕೆಂಪ್ಗೆ ಮೆತ್ಕಂಡಿತ್ತು ನೋಡು, ನೀರ್ಗೆ ಹೋಗ್ನೇ ಇಲ್ಲ ಕಣಪ್ಪ. ಆಮ್ಯಾಕೆ ಸೀಗೇಪುಡಿ ಹಾಕಿ ತೆಂಗಿನ್ ನಾರಲ್ಲಿ ತಿಕ್ದೆ. ಅರ್ಧ ಗಂಟೆ. ರಟ್ಟೆ ಬಿದ್ದೋದೋ."

"ಅದು ಬೆರಳು ದಫೇದಾರ್ರೇ."

"ಯಾವ ಬೆಳ್ಳು?"

"ಕಳ್ಳನ ಬೆರಳು."

ಮಂಟಯ್ಯ ಟ್ರಂಕನ್ನು ನೋಡಿದ, ತನ್ನ ರಟ್ಟೆಯನ್ನು ನೋಡಿಕೊಂಡ. "ಫೋಟೋ ಆಯ್ತಲ್ಲಪ್ಪ ಅವತ್ತು. ಆಗ್ದ್ ಮ್ಯಾಲೆ ಇನ್ನೇನು ಅಂತ…" ಸ್ವಾಮಿ ಕಡಲೆಪುರಿಯನ್ನು ಅಂಗಳಕ್ಕೆ ಎಸೆದ. ಕೋಳಿಗಳು ಬಂದವು. ಪ್ರಸಾದ ಎಸೆದದ್ದಕ್ಕೆ ಮಂಟಯ್ಯನಿಗೆ ಸಿಟ್ಟು ಬಂತು, ಆದರೆ ಬೈಯಲಿಲ್ಲ.

ಎಸ್ಸೈ ಸುದ್ದಿ ಕೇಳಿ ಸ್ವಲ್ಪ ಹೊತ್ತು ಡೈರಿ ತಿರುವಿದರು. ಆಮೇಲೆ ಪೆನ್ನಿನ ಮುಚ್ಚಳ ತೆಗೆದರು. ಆ ಮುಖ ಸ್ವಾಮಿಗೆ ಇಷ್ಟವಾಗಲಿಲ್ಲ.

"ನೋಡಯ್ಯಾ, ನೀನೇ ಬರೆದಿದ್ದೀಯ. ಆರೋಪಿಯ ಕೈಯಿಂದ ಯಾವ ಗುರುತೂ ಮೂಡುವುದಿಲ್ಲ. ಟ್ರಂಕಿನ ಮೇಲೂ ಯಾವ ಗುರುತೂ ಇಲ್ಲ. ತಾಳೆ ಆಯ್ತಲ್ಲ?"

"ಸಾರ್, ಇತ್ತು! ತೊಳೆದುಬಿಟ್ಟರು!"

"ಇತ್ತು ಅನ್ನೋದಕ್ಕೆ ಏನಿದೆ? ನಾಲ್ಕು ಕಪ್ಪು ಫೋಟೋ ಇದೆ. ನಾನು ಸೋಮವಾರ ಏನು ಹೇಳಲಿ? ಇನ್ನೊಬ್ಬ ಮುಟ್ಟಿದ್ರೆ ಗುರುತು ಇರ್ತಿತ್ತು, ಗೆರೆ ಇಲ್ಲದೋನು ಮುಟ್ಟಿದಾನೆ, ಗುರುತಿಲ್ಲ. ಇಷ್ಟು ಒಳ್ಳೆ ಪಾಯಿಂಟು ನನಗೇ ಹೊಳೆದಿರಲಿಲ್ಲ. ನಿನ್ನ ತರಬೇತಿ ವ್ಯರ್ಥ ಆಗ್ಲಿಲ್ಲ ಬಿಡು."

ಅವರು ಗೇಲಿ ಮಾಡುತ್ತಿರಲಿಲ್ಲ. ಅದೇ ಕೆಟ್ಟದ್ದಾಗಿತ್ತು.

ಸ್ವಾಮಿ ಹೊರಗೆ ಬಂದು ಜಗಲಿಯ ಮೇಲೆ ಕೂತ. ಡೈರಿಯ ಆ ಹಾಳೆ ಹರಿಯೋಣವೆಂದರೆ ಪ್ರತಿ ಹಾಳೆಗೂ ನಂಬರು. ಸಣ್ಣನನ್ನು ಉಳಿಸಲು ಬರೆದ ಸಾಲೇ ಸಣ್ಣನ ಕುತ್ತಿಗೆಗೆ ಬಿದ್ದಿತ್ತು, ಅದೂ ದುಂಡಗಿನ ಅಕ್ಷರದಲ್ಲಿ. ಏನೂ ಬರೆಯದೆ, ಏನೂ ತರಬೇತಿ ಇಲ್ಲದೆ, ಬೇರೆ ಪೇದೆಗಳ ಹಾಗೆ ಬೀಡಿ ಸೇದಿಕೊಂಡು ಇದ್ದಿದ್ದರೆ ಸಣ್ಣನಿಗೆ ಇಷ್ಟು ಕೇಡಾಗುತ್ತಿರಲಿಲ್ಲ. ಒಳಗಿನಿಂದ ಸಣ್ಣ ಕೆಮ್ಮುವುದು ಕೇಳಿಸುತ್ತಿತ್ತು. ನಿಂಗಿ ಬಂದು ಹೋಗಿದ್ದಳು. ಉಳಿದ ಪುಡಿಯ ಬುರುಡೆಯನ್ನು ಲಾಕಪ್ಪಿನ ಸರಳಿನ ಪಕ್ಕದಲ್ಲಿ ಇಟ್ಟಿದ್ದಳು.

ಭಾನುವಾರ ಬೆಳಿಗ್ಗೆ ಮಂಟಯ್ಯ ಪೂಜೆಯ ಸಾಮಾನು ಒಳಗೆ ಇಡುತ್ತಿದ್ದ. ಟ್ರಂಕನ್ನು ಎತ್ತುವಾಗ ಕೊಂಡಿಯ ಕಡೆ ನೋಡಿ ಎಂದ, "ಅರಗಿನ್ ಮುದ್ರೆಗೆ ಮಾತ್ರ ಒಂದ್ ತೊಟ್ಟು ನೀರ್ ತಾಕ್ಸಿಲ್ಲ ಕಣಪ್ಪ. ಅಷ್ಟ್ ಕಾಯ್ದೆ ನಂಗೂ ಗೊತ್ತು."

ಸ್ವಾಮಿ ತಲೆ ಎತ್ತಿದ. "ಮುದ್ರೆ ಬಿಚ್ಚಿಲ್ಲ?"

"ಎಲ್ಲಾರಾ ಉಂಟಾ?"

"ಹಾಗಾದರೆ ಒಳಗೆ ತೊಳೆದಿಲ್ಲ."

"ಮುಚ್ಚಿದ್ ಟ್ರಂಕ್ನ ಒಳಗಡೆ ಹೆಂಗ್ಲಾ ತೊಳೀಲಿ? ತಲೆ ಕೆಟ್ಟದಾ ನಿಂಗೆ?"

ಸರ ತೆಗೆಯಲು ಬಂದವನು ಮುಚ್ಚಳವನ್ನು ಒಂದು ಕೈಯಲ್ಲಿ ಎತ್ತಿ ಹಿಡಿದಿರಬೇಕು. ಎತ್ತಿ ಹಿಡಿದರೆ ಹೆಬ್ಬೆರಳು ಹೊರಗೆ. ಉಳಿದ ನಾಲ್ಕು? ಒಂದು ಬೆರಳು ಸಿಕ್ಕಿತೆಂದು ಕುಂಚ ಕೆಳಗಿಟ್ಟವನು ತಾನೇ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ತನ್ನ ಮೇಲೆ ಅಸಹ್ಯವಾಯಿತು. ಎದ್ದು ಎಸ್ಸೈಯವರ ಮನೆಗೆ ಹೋದ.

ವಿಜಯದಶಮಿಯ ದಿನ ಮುದ್ರೆ ಒಡೆಯಲು ಎಸ್ಸೈಗೆ ಮನಸ್ಸಿರಲಿಲ್ಲ. ಎರಡು ಜನ ಪಂಚರನ್ನು ಕರೆಸಬೇಕು, ಮಹಜರು ಬರೆಯಬೇಕು. "ಆಯ್ತು. ಆದರೆ ಒಳಗೂ ಏನೂ ಸಿಗಲಿಲ್ಲ ಅಂದ್ರೆ, ಟ್ರಂಕಿನ ಒಳಗೂ ಹೊರಗೂ ಯಾವ ಗುರುತೂ ಇಲ್ಲ ಅಂತ ನೀನೇ ಪರಿಣತನಾಗಿ ಬರೆದು ಸಹಿ ಹಾಕಿಕೊಡಬೇಕು. ಕೊಡ್ತೀಯಾ?"

ಅದು ಸಣ್ಣನ ಜೈಲಿನ ಕಾಗದ. ಆದರೂ ಸ್ವಾಮಿ ಎಂದ, "ಕೊಡ್ತೀನಿ ಸಾರ್."

ಮಂಟಯ್ಯ ಹಾಲಿನವನನ್ನೂ ಸೈಕಲ್ ಅಂಗಡಿಯವನನ್ನೂ ಹಬ್ಬದೂಟದ ಮುಂದಿನಿಂದ ಎಬ್ಬಿಸಿಕೊಂಡು ಬಂದ. ಯಾರೂ ಹೇಳದೆಯೇ ಹುಣಸೂರಿನ ಬಸ್ಸಿನ ಕಂಡಕ್ಟರನ ಕೈಲಿ ಗಫಾರ್ ಸಾಹೇಬರಿಗೂ ಹೇಳಿಕಳಿಸಿದ. "ನಾ ತಿಕ್ಕಿದ್ದಕ್ಕೆ ನಾನೇ ಓಡಾಡ್ತೀನಿ ಬುಡು," ಎಂದ.

ಗಫಾರ್ ಬಂದ ಮೇಲೆ ಮುದ್ರೆ ಒಡೆದು ಮುಚ್ಚಳ ಎತ್ತಿದರು. ತಳಕ್ಕೆ ಹಳೆಯ ಪತ್ರಿಕೆ ಅಂಟಿಸಿತ್ತು. ಮುಚ್ಚಳದ ಒಳಮೈಗೆ ಬಣ್ಣ ಹೊಡೆದಿರಲಿಲ್ಲ; ಬರೀ ತಗಡು, ಬೆಳ್ಳಗೆ. ಸ್ವಾಮಿ ಸರಳಿನ ಪಕ್ಕದ ಬುರುಡೆ ತಂದು ಅಲ್ಲಾಡಿಸಿದ. ತನ್ನ ಪಾಲಿನ ಪುಡಿ ಮಂಗಳವಾರವೇ ಖರ್ಚಾಗಿತ್ತು; ಇದರಲ್ಲಿ ಸಣ್ಣ ತಿಂದು ತಳದಲ್ಲಿ ಎರಡು ಚಿಟಿಕೆ ಉಳಿದಿತ್ತು. ಲಾಕಪ್ಪಿನೊಳಗಿಂದ ಸಣ್ಣ ನೋಡುತ್ತಿದ್ದ.

ಅಂಚಿನ ಉದ್ದಕ್ಕೂ ಹಾಕುವಷ್ಟು ಇರಲಿಲ್ಲ. ಹೊರಗಿನ ಹೆಬ್ಬೆರಳು ಕೊಂಡಿಯ ಎಡಕ್ಕೆ ಮೂರು ಬೆರಳಗಲದಲ್ಲಿತ್ತು. ತನ್ನ ಬಲಗೈಯನ್ನು ಗಾಳಿಯಲ್ಲೇ ಹಿಡಿದು, ಆ ಹೆಬ್ಬೆರಳಿಗೆ ಉಳಿದ ನಾಲ್ಕು ಎಲ್ಲಿ ಬೀಳುತ್ತವೆ ಎಂದು ಅಳತೆ ನೋಡಿದ. ಅಲ್ಲಿ ಒಂದು ಚಿಟಿಕೆ ಉದುರಿಸಿದ. ಸವರಿದ. ಏನೂ ಇಲ್ಲ. ಎಸ್ಸೈ ಗಡಿಯಾರ ನೋಡಿದರು. ಹಾಲಿನವನು ಆಕಳಿಸಿದ. ತನ್ನ ಕೈ ಚಿಕ್ಕದು, ಕಳ್ಳನದು ದೊಡ್ಡದಿರಬಹುದು ಎಂದುಕೊಂಡು ಸ್ವಾಮಿ ಎರಡು ಅಂಗುಲ ಹಿಂದಕ್ಕೆ ಸರಿದು ಕೊನೆಯ ಚಿಟಿಕೆ ಉದುರಿಸಿ ಬುರುಡೆಯನ್ನು ಬೋರಲು ಮಾಡಿದ. ಕುಂಚ ಆಡಿಸಿದ. ಆಡಿಸಿದ ಕಡೆ ಕೆಂಪಗೆ ಒಂದು ತುದಿ ಕಂಡಿತು. ಪಕ್ಕದಲ್ಲಿ ಇನ್ನೊಂದು. ಮೆಲ್ಲಗೆ ಊದಿದ. ನಾಲ್ಕು ಬೆರಳು, ಸಾಲಾಗಿ, ಉಂಗುರದ ಬೆರಳಲ್ಲಿ ಸುಳಿ, ಉಳಿದವುಗಳಲ್ಲಿ ಕುಣಿಕೆ.

"ಗಫಾರ್ ಸಾಹೇಬ್ರೆ, ಹೊಸ ಫಿಲ್ಮು ತಂದಿದ್ದೀನಿ," ಎಂದ ಸ್ವಾಮಿ.

ಗಫಾರ್ ಬಗ್ಗಿ ನೋಡಿದರು. "ಅದು ಇಟ್ಕಳ್ಳಿ ನಿಮ್ ಮದ್ವೆಗೆ. ಈ ಕ್ಯಾಮರಾಕ್ಕೆ ಆ ರೋಲು ಕೂರಾದೂ ಇಲ್ಲ. ಬಿಳೀ ತಗಡಿನ ಮೇಲೆ ಕೆಂಪು, ನನ್ನ ಹಳೇ ಪ್ಲೇಟಲ್ಲಿ ಮಸಿ ಥರ ಬರ್ತದೆ."

ಹಾಗೆಯೇ ಬಂತು. ಸೋಮವಾರ ಬೆಳಿಗ್ಗೆ ಎಂಟಕ್ಕೆ ಫೋಟೋ ಎಸ್ಸೈಯವರ ಮೇಜಿನ ಮೇಲಿತ್ತು. ಒಂಬತ್ತಕ್ಕೆ ಮಹದೇವಪ್ಪ ಸಾಕ್ಷಿ ಹೇಳಲು ಕೋರ್ಟಿಗೆ ಹೊರಟು ಬಂದರು, ಜೊತೆಯಲ್ಲಿ ಅದೇ ಮನೆಯಲ್ಲಿರುವ ಅವರ ತಮ್ಮ ಚಿಕ್ಕಣ್ಣ. ಎಸ್ಸೈ ಸ್ವಾಮಿಯ ಕಡೆ ಕೈ ತೋರಿಸಿದರು, ಇದು ನಿನ್ನ ಕೂಸು ನೀನೇ ಆಡಿಸು ಎನ್ನುವ ಹಾಗೆ.

"ಟ್ರಂಕಿನ ಒಳಗೆ ಬೆರಳು ಸಿಕ್ಕಿವೆ. ಸಣ್ಣನವಲ್ಲ, ಅವನಿಗೆ ಗೆರೆಯೇ ಇಲ್ಲ," ಎಂದ ಸ್ವಾಮಿ. "ನಿಮ್ಮ ಮನೆಯ ಹನ್ನೊಂದು ಜನರ ಬೆರಳಚ್ಚೂ ಬೇಕು. ಇವತ್ತೇ ಕೋರ್ಟಿನಲ್ಲಿ ಅಪ್ಪಣೆ ಕೇಳುತ್ತೇವೆ."

"ಯಾರ ಬೆಳ್ಳು?"

"ನಿಮ್ಮದು, ಮನೆಯವರದು, ನಿಮ್ಮ ತಾಯಿ ದೊಡ್ಡತಾಯಮ್ಮನವರದು. ಎಲ್ಲರದೂ."

ಮಹದೇವಪ್ಪ ಎದ್ದು ನಿಂತರು. "ನಮ್ ಮನೆ ಎಣ್ಮಕ್ಳ ಬೆಳ್ಳಿಗೆ ಮಸಿ ಬಳೀತೀಯೇನ್ಲಾ? ಎಬ್ಬೆಟ್ ಒತ್ತಾಕೆ ನಾವೇನ್ ಕಳ್ರಾ? ನಾನ್ ರುಜು ಹಾಕೋನು ಕಣ್ಲಾ, ರುಜು!"

"ಮನೆಯವರ ಬೆರಳು ತೆಗೆದರೆ ಹೊರಗಿನವನದು ಉಳಿಯುತ್ತೆ. ಅಷ್ಟೆ."

"ಮನೇರ್ದೇ ಆದ್ರೆ?" ಎಂದು ಮಂಟಯ್ಯ ಬಾಗಿಲಿನಿಂದ ಕೇಳಿದ, ಬಹಳ ಮುಗ್ಧವಾಗಿ.

ಸ್ವಾಮಿ ಚಿಕ್ಕಣ್ಣನನ್ನು ನೋಡುತ್ತಿದ್ದ. ದೊಡ್ಡ ಕೈಯ ಆಳು. ಮೇಜಿನ ಮೇಲಿನ ಮಸಿ ತಟ್ಟೆ ಕಂಡಾಗಿನಿಂದ ಎರಡೂ ಕೈಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ನಿಂತಿದ್ದ. ಮಹದೇವಪ್ಪನವರೂ ಅದೇ ಕಡೆ ನೋಡಿದರು. ಅವರ ದನಿ ಇಳಿಯಿತು.

"ಸಾಹೇಬ್ರೆ, ವಸಿ ಬನ್ನಿ," ಎಂದು ಎಸ್ಸೈಯನ್ನು ಹೊರಗೆ ಕರೆದುಕೊಂಡು ಹೋದರು.

ಕಾಲು ಗಂಟೆಯ ಮೇಲೆ ಎಸ್ಸೈ ಒಬ್ಬರೇ ಒಳಗೆ ಬಂದು ಒಂದು ಕಾಗದ ಮುಂದಿಟ್ಟರು. ಸರ ಸಿಕ್ಕಿದೆ. ಮನೆಯ ಅಂಗಳದ ನೆಲದೊಳಗೆ ರಾಗಿ ತುಂಬಿಡುವ ಹಗೇವಿನಲ್ಲಿ ಬಿದ್ದಿತ್ತು. ತಪ್ಪು ತಿಳಿವಳಿಕೆಯಿಂದ ದೂರು ಕೊಟ್ಟಿದ್ದೇವೆ. ಕೆಳಗೆ ಮಹದೇವಪ್ಪನವರ ರುಜು, ಉದ್ದಕ್ಕೆ, ಎರಡು ಗೆರೆ ಎಳೆದು.

"ಹಗೇವಾ?" ಎಂದ ಸ್ವಾಮಿ. "ಅದಕ್ಕೆ ಮೇಲೆ ಕಲ್ಲು ಮುಚ್ಚಿ ಮಣ್ಣು ಮೆತ್ತಿರುತ್ತಾರೆ ಸಾರ್. ಯುಗಾದಿಯಿಂದ ತೆಗೆದಿಲ್ಲ ಅಂತ ಟ್ರಂಕು ತರಲು ಹೋದಾಗ ಅವರೇ ಹೇಳಿದ್ದರು."

"ನಿನಗೇನು ಬೇಕಯ್ಯಾ? ಸಣ್ಣ ಹೊರಗೆ ಬರಬೇಕಾಗಿತ್ತು. ಬರ್ತಾನೆ. ನನಗೆ ಕೇಸು ಮುಗೀಬೇಕಾಗಿತ್ತು. ಮುಗೀತು."

"ಕದ್ದವನು?"

"ಕದ್ದೇ ಇಲ್ಲವಲ್ಲ, ಕಾಗದ ನೋಡು." ಎಸ್ಸೈ ಫೋಟೋವನ್ನು ಎತ್ತಿ ಬೆಳಕಿಗೆ ಹಿಡಿದರು. "ಚೆನ್ನಾಗಿ ಬಂದಿದೆ," ಎಂದು ಮೇಜಿನ ಖಾನೆಯೊಳಗೆ ಹಾಕಿಕೊಂಡರು.

ಸಣ್ಣನನ್ನು ಕೋರ್ಟಿಗೆ ಕರೆದುಕೊಂಡು ಹೋಗಿ ಮಧ್ಯಾಹ್ನದ ಹೊತ್ತಿಗೆ ಬಿಟ್ಟರು. ಕೋರ್ಟಿನ ಮುಂದಿನ ಹುಣಸೆಮರದ ಕೆಳಗೆ ನಿಂಗಿ ಕಾಯುತ್ತಿದ್ದಳು. ಸಣ್ಣ ಎಡಗಾಲನ್ನು ಎಳೆದು ಹಾಕುತ್ತಿದ್ದ.

"ನನ್ ಬೆಳ್ಳಲ್ಲಿ ಗೆರ ಇಲ್ಲ ಅಂದ್ರಲ್ಲ ಬುದ್ದಿ, ಅದ್ಕೇ ಬುಟ್ರಾ?"

"ಅದಕ್ಕೇ ಒಳಗೆ ಹಾಕೋರಿದ್ದರು," ಎಂದ ಸ್ವಾಮಿ.

"ಮತ್ಯಾಕ್ ಬುಟ್ರು?"

"ಬೇರೆಯವರ ಬೆರಳಲ್ಲಿ ಗೆರೆ ಇದ್ದದ್ದಕ್ಕೆ."

ಸಣ್ಣನಿಗೆ ಅರ್ಥವಾಗಲಿಲ್ಲ. ಬ್ಯಾರನ್ನಿನ ಕೆಲಸಕ್ಕೆ ಮತ್ತೆ ಹೋಗಬಹುದೇ ಎಂದು ಕೇಳಿದ. ಅವರು ಸೇರಿಸಲಿಕ್ಕಿಲ್ಲ ಎಂದ ಸ್ವಾಮಿ. "ನಾ ಕದ್ದಿಲ್ವಲ್ಲ?" ಎಂದ ಸಣ್ಣ. ಇಲ್ಲ, ಆದರೂ ಸೇರಿಸಲಿಕ್ಕಿಲ್ಲ. ಸ್ವಾಮಿ ಚೀಲದಿಂದ ಸೋರೆಬುರುಡೆ ತೆಗೆದು ನಿಂಗಿಗೆ ಕೊಟ್ಟ. ಅವಳು ಅಲ್ಲಾಡಿಸಿದಳು, ಬಗ್ಗಿಸಿದಳು, ಒಳಗೆ ಒಂದು ಕಣ್ಣಿಟ್ಟು ನೋಡಿದಳು.

"ಎಲ್ಲಾನೂ ಟ್ರಂಕಿಗೇ ಉಜ್ಜುಬುಟ್ರಾ? ಇವನ್ ವಟ್ಟೆನೋವು ಇನ್ನೂ ಹೋಗಿಲ್ಲ. ಇನ್ ಬ್ಯಾಸ್ಗೆಗಂಟ ಎಲ್ಲಿ ತರಾದು ನಾನು?"

ಅವರಿಬ್ಬರೂ ಕೋಟೆಯ ರಸ್ತೆ ಹಿಡಿದು ಹೊರಟರು. ಅವಳು ಬೈಯುತ್ತಲೇ ಹೋದಳು, ಯಾರನ್ನು ಅಂತ ಕೇಳಿಸಲಿಲ್ಲ.

ಡಿಸೆಂಬರಿನಲ್ಲಿ ಒಂದು ಮೆಮೊ ಬಂತು. ಇಲಾಖೆ ಒಪ್ಪದ ಪುಡಿಯನ್ನು ಬಳಸಿದ್ದೇಕೆ, ಅದು ಎಲ್ಲಿಂದ ಸರಬರಾಜಾಯಿತು, ಏಳು ದಿನದೊಳಗೆ ಸಮಜಾಯಿಷಿ ಕೊಡತಕ್ಕದ್ದು. ಸ್ವಾಮಿ ನಾಲ್ಕು ಪುಟ ಬರೆದ: ಮರ ಯಾವುದು, ಕಾಯಿ ಯಾವಾಗ, ಪುಡಿಯನ್ನು ಹೇಗೆ ಜರಡಿ ಹಿಡಿಯುವುದು, ಯಾವ ಮೈಯ ಮೇಲೆ ಹಿಡಿಯುತ್ತದೆ, ಯಾವ ಪ್ಲೇಟಿನಲ್ಲಿ ಮೂಡುತ್ತದೆ, ಯಾವುದರಲ್ಲಿ ಮೂಡುವುದಿಲ್ಲ. ಎಸ್ಸೈ ಓದಿ ಹಿಂದಕ್ಕೆ ಕೊಟ್ಟರು. "ಇದನ್ನ ಕಳಿಸಿದ್ರೆ ಆ ಬೆರಳು ಯಾರದು ಅಂತ ಮೇಲಿನವರು ಕೇಳ್ತಾರೆ. ಕ್ಷಮೆ ಕೋರಿ ಎರಡು ಸಾಲು ಬರಿ."

ಎರಡು ಸಾಲು ಬರೆದ.

ಟ್ರಂಕನ್ನು ವಾಪಸು ತೆಗೆದುಕೊಂಡು ಹೋಗಿ ಎಂದು ಮೂರು ಸಲ ಹೇಳಿಕಳಿಸಿದರೂ ಮಹದೇವಪ್ಪನವರ ಮನೆಯಿಂದ ಯಾರೂ ಬರಲಿಲ್ಲ. ಠಾಣೆ ಹೊಕ್ಕ ಸಾಮಾನು ಮನೆಗೆ ಬೇಡ ಎಂದು ದೊಡ್ಡತಾಯಮ್ಮ ಹೇಳಿದ್ದರಂತೆ. ಮಂಟಯ್ಯ ಅದರಲ್ಲಿ ಪೂಜೆಯ ಸಾಮಾನು ಇಡತೊಡಗಿದ, ವಿಭೂತಿ ಗಟ್ಟಿ, ಗಂಟೆ, ಕರ್ಪೂರದ ಡಬ್ಬಿ. ಮುಚ್ಚಳ ಎತ್ತಿದಾಗಲೆಲ್ಲ ಒಳಗೆ ಆ ನಾಲ್ಕು ಬೆರಳು ಕೆಂಪಗೆ ಕಾಣುತ್ತಿದ್ದವು. ಒಂದು ದಿನ ಒರೆಸಿಬಿಡಲಾ ಎಂದು ಮಂಟಯ್ಯ ಕೇಳಿದ.

"ನೀರಿಗೆ ಹೋಗಲ್ಲ," ಎಂದ ಸ್ವಾಮಿ. "ಸೀಗೇಪುಡಿ ಹಾಕಬೇಡಿ."